ಪೋಕರ್ ಗೆಲ್ಲಲು ಎಲೆಗಿಂತ ಲೆಕ್ಕ ಮುಖ್ಯ

ಜುಲೈ ತಿಂಗಳು ಬಂತೆಂದರೆ ಕುರ್ಲಾ ಪೂರ್ವದ ನಮ್ಮ ಮನೆಯ ಭಾನುವಾರಗಳು ನನ್ನವಲ್ಲ. ನಾನು ಚಾರ್ಟರ್ಡ್ ಅಕೌಂಟೆಂಟ್. ವಾರವೆಲ್ಲ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಕಚೇರಿಯೊಂದರಲ್ಲಿ ಕಂಪನಿಗಳ ಲೆಕ್ಕ ನೋಡುತ್ತೇನೆ. ಭಾನುವಾರ ನಮ್ಮ ಕಡೆಯ ಹುಡುಗರು ಆದಾಯ ತೆರಿಗೆ ರಿಟರ್ನ್ಸ್ ತುಂಬಿಸಿಕೊಳ್ಳಲು ಬರುತ್ತಾರೆ. ನೆಹರೂನಗರದಲ್ಲಿ ಮೂರು ನಾಲ್ಕು ಜನ ಸೇರಿ ಮನೆ ಬಾಡಿಗೆಗೆ ಹಿಡಿದು, ಪೊವಾಯಿಗೋ ಐರೋಲಿಗೋ ಕೆಲಸಕ್ಕೆ ಹೋಗುವವರು. ಅವರಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಊರಿಗೆ ಹೋದವರು ತರುವ ಧಾರವಾಡ ಪೇಡೆಯೇ ಫೀಸು.

2024ರ ಜುಲೈಯಲ್ಲಿ ಒಂದು ಹೊಸ ಸಂಗತಿ ಕಣ್ಣಿಗೆ ಬಿತ್ತು. ಹುಡುಗರ 26ಎಎಸ್ ಪಟ್ಟಿಯಲ್ಲಿ ಸಂಬಳದ ಟಿಡಿಎಸ್ ಕೆಳಗೆ ಇನ್ನೊಂದು ಸಾಲು ಇತ್ತು: ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇ 30ರಷ್ಟು ಕಡಿತ. ಈ ನಿಯಮ 2023ರ ಏಪ್ರಿಲ್ 1ರಂದು ಜಾರಿಗೆ ಬಂದದ್ದು. ಅಪ್ಪ ಅಮ್ಮನಿಗೆ ಹೇಳದ್ದನ್ನು ಆ ಪಟ್ಟಿ ನನಗೆ ಹೇಳುತ್ತಿತ್ತು. ಆ ವರ್ಷ ಬಂದ ಒಂಬತ್ತು ಜನರಲ್ಲಿ ನಾಲ್ವರು ರಮ್ಮಿ ಅಥವಾ ಪೋಕರ್ ಆಡುತ್ತಿದ್ದರು.

ಅವರಲ್ಲಿ ರಾಣೆಬೆನ್ನೂರು ಕಡೆಯವನೊಬ್ಬ ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ಹಾಳೆ ತೋರಿಸಿದ. ‘ಸರ್, ಹದಿನಾಲ್ಕು ತಿಂಗಳ ಲೆಕ್ಕ ಇದು. ಕೆಲಸ ಬಿಟ್ಟು ಪೋಕರನ್ನೇ ವೃತ್ತಿ ಮಾಡಿಕೊಂಡರೆ ಹೇಗೆ?’ ಎಂದು ಕೇಳಿದ. ಊರಲ್ಲಿ ಮೆಕ್ಕೆಜೋಳದ ಹೊಲ, ತಂದೆಗೆ ವಯಸ್ಸಾಗಿದೆ, ತಂಗಿಯ ಮದುವೆ ಬಾಕಿ ಇದೆ. ಪ್ರಶ್ನೆ ಅವನೊಬ್ಬನದಾಗಿರಲಿಲ್ಲ.

‘ಹುಚ್ಚಾ, ಸುಮ್ಮನಿರು’ ಎನ್ನುವುದು ಸುಲಭವಿತ್ತು. ಆದರೆ ಲೆಕ್ಕ ತಂದವನಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ನನಗೆ ಮದುವೆ ಮನೆಯ ರಮ್ಮಿ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಮೂರು ಭಾನುವಾರ ಅವನು ಆಡುವಾಗ ಪಕ್ಕದಲ್ಲಿ ಕೂತು ನೋಡಿದೆ, ಓದಿದೆ, ಗುಣಾಕಾರ ಭಾಗಾಕಾರ ಮಾಡಿದೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾರ ವಿರುದ್ಧ ಆಟ?

ಮುಂಬೈಗೆ ಜೂಜು ಹೊಸದಲ್ಲ. ನ್ಯೂಯಾರ್ಕ್ ಹತ್ತಿ ಪೇಟೆಯ ದರದ ಅಂಕಿಗಳ ಮೇಲೆ ಕಟ್ಟುತ್ತಿದ್ದ ಬಾಜಿಯ ಜಾಗದಲ್ಲಿ 1960ರ ದಶಕದಲ್ಲಿ ಮಟ್ಕಾ ಬಂತು. ಗಿರಣಿ ಕಾರ್ಮಿಕರ ಸಂಬಳ ತಿಂದಿತು, ನಮ್ಮ ಊರುಗಳಿಗೂ ಹಬ್ಬಿತು. ಮಟ್ಕಾದಲ್ಲಿ ಯಾವ ಅಂಕಿ ಬೀಳುತ್ತದೆ ಎಂಬುದನ್ನು ಆಡುವವನ ಜಾಣತನ ಬದಲಿಸಲಾರದು. ಅಲ್ಲಿ ‘ಯಶಸ್ವಿ ಆಟಗಾರ’ ಎಂಬ ಮಾತಿಗೇ ಅರ್ಥವಿಲ್ಲ.

ಪೋಕರ್ ಹಾಗಲ್ಲ. ಹೆಚ್ಚು ಚಾಲ್ತಿಯಲ್ಲಿರುವ ಟೆಕ್ಸಸ್ ಹೋಲ್ಡೆಮ್ ಆಟದಲ್ಲಿ ಪ್ರತಿಯೊಬ್ಬರ ಕೈಗೆ ಎರಡು ಎಲೆ ಬರುತ್ತವೆ. ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆಗಳು ಹಂತ ಹಂತವಾಗಿ ತೆರೆಯುತ್ತವೆ. ನಡುವೆ ನಾಲ್ಕು ಬಾರಿ ಪಣ ಕಟ್ಟುವ ಸುತ್ತು. ಎಲೆ ಚೆನ್ನಾಗಿಲ್ಲ ಅನ್ನಿಸಿದರೆ ಯಾವ ಸುತ್ತಿನಲ್ಲಾದರೂ ಎಸೆದು ಹೊರಬರಬಹುದು. ಆಡುವುದು ಎದುರು ಕೂತವರ ವಿರುದ್ಧ. ಅಂಗಡಿ ನಡೆಸುವವನು ಪ್ರತಿ ಆಟದಿಂದ ಒಂದು ಪಾಲು ಮುರಿದುಕೊಳ್ಳುತ್ತಾನೆ. ಅದಕ್ಕೆ ‘ರೇಕ್’ ಎನ್ನುತ್ತಾರೆ, ಸಾಮಾನ್ಯವಾಗಿ ಶೇ 5ರ ಆಸುಪಾಸು.

ಹಾಗಾಗಿ ಇಲ್ಲಿ ಜಾಣತನಕ್ಕೆ ಬೆಲೆ ಇದೆ. ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮತ್ತು ಥಾಮಸ್ ಮೈಲ್ಸ್ 2010ರ ಪೋಕರ್ ವಿಶ್ವ ಸರಣಿಯ ಅಂಕಿಅಂಶ ಜಾಲಾಡಿದರು. ಮೊದಲೇ ಪರಿಣತರೆಂದು ಗುರುತಿಸಲಾದವರು ಹೂಡಿದ ಹಣಕ್ಕೆ ಸರಾಸರಿ ಶೇ 30ರಷ್ಟು ಲಾಭ ಪಡೆದಿದ್ದರು. ಉಳಿದವರು ಸರಾಸರಿ ಶೇ 15ರಷ್ಟು ಕಳೆದುಕೊಂಡಿದ್ದರು. ಮಟ್ಕಾದಲ್ಲಿ ಇಂಥ ವ್ಯತ್ಯಾಸ ಬರಲು ಸಾಧ್ಯವೇ ಇಲ್ಲ.

ಈ ಅಂಕಿಯನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಮೇಜಿನ ಮೇಲೆ ಹೊಸ ಹಣ ಹುಟ್ಟುವುದಿಲ್ಲ. ಒಬ್ಬನ ಲಾಭ ಮತ್ತೊಬ್ಬನ ನಷ್ಟ, ಅದರ ಮೇಲೆ ರೇಕ್ ಬೇರೆ. ಎಲ್ಲರೂ ಸಮಬಲರಾದರೆ ಎಲ್ಲರೂ ಸೋಲುತ್ತಾರೆ. ಲಾಭ ಆಗಬೇಕಾದರೆ ಮೇಜಿನಲ್ಲಿ ನಿಮಗಿಂತ ಸಾಕಷ್ಟು ಕಳಪೆ ಆಟಗಾರರು ಇರಬೇಕು.

ಎಸೆಯುವುದೇ ಹೆಚ್ಚು

ಸಿನಿಮಾದಲ್ಲಿ ಪೋಕರ್ ಎಂದರೆ ಕಪ್ಪು ಕನ್ನಡಕ, ಸಿಗಾರು, ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಮೂರು ಭಾನುವಾರ ನಾನು ನೋಡಿದ್ದು ಅಂಥದ್ದೇನೂ ಅಲ್ಲ. ಹುಡುಗ ಹೆಚ್ಚಿನ ಹೊತ್ತು ಎಲೆ ಎಸೆಯುತ್ತಿದ್ದ. ನೂರು ಆಟಕ್ಕೆ ಎಪ್ಪತ್ತೆಂಟರಲ್ಲಿ ಒಂದು ಪೈಸೆಯನ್ನೂ ಮುಂದಿಡದೆ ಹೊರಬರುತ್ತಿದ್ದ. ಚೆನ್ನಾಗಿ ಆಡುವವರೆಲ್ಲ ಹೆಚ್ಚು ಕಡಿಮೆ ಹೀಗೆಯೇ.

ಕಾರಣ ಇದೆ. 52 ಎಲೆಗಳಿಂದ ಎರಡೆಲೆಯ ಜೋಡಿ 1,326 ಬಗೆಯಲ್ಲಿ ಬರಬಹುದು. ಅತ್ಯುತ್ತಮವಾದ ಎರಡು ಎಕ್ಕ ಬರುವುದು 221 ಬಾರಿಗೆ ಒಮ್ಮೆ. ಒಳ್ಳೆಯ ಎಲೆ ಅಪರೂಪ, ಬೇಸರ ಮಾತ್ರ ಪ್ರತಿ ನಿಮಿಷ. ‘ಕೂತಿದ್ದೇನಲ್ಲ, ಒಂದು ಕೈ ನೋಡೋಣ’ ಎಂದು ಆಡುವವನೇ ಉಳಿದವರ ಸಂಬಳ.

ಎಸೆಯದೆ ಉಳಿದಾಗ ಮಾಡಬೇಕಾದ ಲೆಕ್ಕವೂ ಕಷ್ಟದ್ದಲ್ಲ. ಮೇಜಿನ ಮಧ್ಯೆ 1,000 ರೂಪಾಯಿ ಇದೆ, ಎದುರಾಳಿ 250 ಕಟ್ಟಿದ ಎನ್ನಿ. ನೀವೂ 250 ಹಾಕಿದರೆ ಒಟ್ಟು 1,500. ಅದರಲ್ಲಿ ನಿಮ್ಮದು ಆರನೇ ಒಂದು ಪಾಲು, ಅಂದರೆ ಶೇ 17ರ ಹತ್ತಿರ. ಒಂದೇ ಜಾತಿಯ ಐದು ಎಲೆ ಸೇರಲು ನಿಮಗೆ ಇನ್ನೊಂದು ಎಲೆ ಸಾಕು. ಕಾಣದ 46 ಎಲೆಗಳಲ್ಲಿ ಅಂಥವು 9 ಉಳಿದಿವೆ, ಅಂದರೆ ಸುಮಾರು ಶೇ 20. ಸಾಧ್ಯತೆ ಬೆಲೆಗಿಂತ ಹೆಚ್ಚಿದೆ, ಹಾಕಬಹುದು. ಅದೇ ಎದುರಾಳಿ 500 ಕಟ್ಟಿದ್ದರೆ ನಿಮ್ಮ ಪಾಲು ಶೇ 25. ಆಗ ಎಸೆಯುವುದು ಲೇಸು. ತರಕಾರಿ ಮಾರುಕಟ್ಟೆಯಲ್ಲಿ ನಮ್ಮ ತಾಯಂದಿರು ಮಾಡುವ ಲೆಕ್ಕವೇ ಇದು: ಬೆಲೆ ಎಷ್ಟು, ಸಿಗುವುದೆಷ್ಟು?

ಇದರ ಮೇಲೆ ಎದುರಾಳಿಯ ಓದು ಬರಬೇಕು. ಇವನು ಯಾವಾಗ ಕಟ್ಟುತ್ತಾನೆ, ಯಾವಾಗ ಹೆದರುತ್ತಾನೆ ಎಂದು ಗಮನಿಸುತ್ತಲೇ ಇರಬೇಕು. ಮನಶ್ಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದ ಅಮೆರಿಕದ ಲೇಖಕಿ ಮರಿಯಾ ಕೊನ್ನಿಕೋವಾ, ಪೋಕರ್ ಗಂಧಗಾಳಿ ಗೊತ್ತಿಲ್ಲದೆ ಶುರುಮಾಡಿ, ದಿಗ್ಗಜ ಎರಿಕ್ ಸೈಡೆಲ್ ಅವರ ಶಿಷ್ಯೆಯಾಗಿ 2018ರಲ್ಲಿ ಬಹಾಮಾಸ್‌ನ ಒಂದು ಟೂರ್ನಿಯಲ್ಲಿ 84,600 ಡಾಲರ್ ಗೆದ್ದರು. ಮನಸ್ಸಿನ ಬಗ್ಗೆ ಅಷ್ಟು ಓದಿದವರಿಗೂ ಗುರು ಬೇಕಾಯಿತು, ದಿನಗಟ್ಟಲೆ ಅಭ್ಯಾಸ ಬೇಕಾಯಿತು. ಕಲಿಕೆಯ ಮಟ್ಟವೂ ಏರುತ್ತಿದೆ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ‘ಲಿಬ್ರಾಟಸ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ 1,20,000 ಆಟಗಳಲ್ಲಿ ನಾಲ್ವರು ವೃತ್ತಿಪರರನ್ನು ಸೋಲಿಸಿತು. ಇಂದು ಮುಂಚೂಣಿಯಲ್ಲಿರುವವರು ಆಡುವಷ್ಟೇ ಹೊತ್ತು ಇಂಥ ಪ್ರೋಗ್ರಾಂಗಳ ಜೊತೆ ಕೂತು ತಮ್ಮ ಆಟವನ್ನು ತಿದ್ದಿಕೊಳ್ಳುತ್ತಾರೆ.

ಗೆದ್ದದ್ದು ಸರಿ ಆಡಿದ್ದಕ್ಕೇ?

ಹುಡುಗರಿಗೆ ಅರ್ಥ ಮಾಡಿಸಲು ಕಷ್ಟವಾದದ್ದು ಇದು. ನಿಮ್ಮ ಕೈಯಲ್ಲಿ ಎರಡು ಎಕ್ಕ, ಎದುರಾಳಿಯ ಕೈಯಲ್ಲಿ ಎರಡು ರಾಜ ಇದ್ದಾಗ ಎಲ್ಲ ಹಣ ಮೇಜಿಗೆ ಬಿತ್ತು ಎನ್ನಿ. ನೀವು ಗೆಲ್ಲುವ ಸಾಧ್ಯತೆ ಶೇ 82ರಷ್ಟು. ಅಂದರೆ ಸರಿಯಾಗಿ ಆಡಿಯೂ ಐದಾರು ಬಾರಿಗೊಮ್ಮೆ ಸೋಲುತ್ತೀರಿ. ಎದುರಾಳಿ ಗೆದ್ದ ಖುಷಿಯಲ್ಲಿ ತಾನು ಜಾಣ ಎಂದುಕೊಂಡು ಮನೆಗೆ ಹೋಗುತ್ತಾನೆ.

ಇನ್ನೂ ಸರಳ ಉದಾಹರಣೆ ನೋಡಿ. ಒಬ್ಬನಿಗೆ ಪ್ರತಿ ಬಾಜಿಯಲ್ಲೂ ಗೆಲ್ಲುವ ಸಾಧ್ಯತೆ ಶೇ 55, ಇನ್ನೊಬ್ಬನಿಗೆ ಶೇ 45 ಇದೆ ಎಂದುಕೊಳ್ಳಿ. ಮೊದಲನೆಯವನು ಜಾಣ, ಎರಡನೆಯವನು ದಡ್ಡ. ನೂರು ಬಾಜಿ ಆದ ಮೇಲೂ ಜಾಣ ನಷ್ಟದಲ್ಲಿರುವ ಸಾಧ್ಯತೆ ಶೇ 13ರ ಹತ್ತಿರ. ದಡ್ಡ ಲಾಭದಲ್ಲಿರುವ ಸಾಧ್ಯತೆಯೂ ಅಷ್ಟೇ! ಸಾವಿರ ಬಾಜಿಯಾದಾಗ ಮಾತ್ರ ಆ ಸಾಧ್ಯತೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ.

ಎಂಟು ಜನ ದಡ್ಡರಲ್ಲಿ ಒಬ್ಬ ಮೂರು ತಿಂಗಳು ಗೆದ್ದು ‘ನನಗೆ ಕೈ ಹಿಡಿದಿದೆ’ ಎಂದು ನಂಬುವುದು ಹೀಗೆಯೇ. ಪಿ.ಜಿ. ಕೋಣೆಗಳಲ್ಲಿ ಕೇಳಿಬರುವ ಗೆಲುವಿನ ಕಥೆಗಳೆಲ್ಲ ಈ ಎಂಟನೆಯವನದು. ಉಳಿದ ಏಳು ಜನ ಮಾತಾಡುವುದಿಲ್ಲ.

ನಮ್ಮವರೊಬ್ಬರ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ಸಂತೋಷ್ ಸುವರ್ಣ 2023ರಲ್ಲಿ ಯುರೋಪಿನ ವಿಶ್ವ ಸರಣಿಯಲ್ಲಿ 50,000 ಯೂರೊ ಪ್ರವೇಶ ಶುಲ್ಕದ ಸ್ಪರ್ಧೆ ಗೆದ್ದರು. 2024ರ ಜೂನ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಎರಡೂವರೆ ಲಕ್ಷ ಡಾಲರ್ ಶುಲ್ಕದ ಸ್ಪರ್ಧೆಯಲ್ಲಿ ಕೊನೆಗೆ ಅಮೆರಿಕದ ಬೆನ್ ಟಾಲರೀನ್ ಅವರನ್ನು ಸೋಲಿಸಿ 54,15,152 ಡಾಲರ್ ಗೆದ್ದರು. ಅಂದಿನ ದರದಲ್ಲಿ ಸುಮಾರು 45 ಕೋಟಿ ರೂಪಾಯಿ. ಜಗತ್ತಿನ ಅತಿ ಕಠಿಣ ಆಟಗಾರರ ನಡುವೆ ಕನ್ನಡ ನಾಡಿನವರೊಬ್ಬರ ಗೆಲುವು ಅದು, ಹೆಮ್ಮೆಯದೇ. ಆ ಸ್ಪರ್ಧೆಗೆ ಒಟ್ಟು 75 ಪ್ರವೇಶಗಳಿದ್ದವು ಎಂಬುದು ಪತ್ರಿಕೆಯ ಫೋಟೊದಲ್ಲಿ ಕಾಣುವುದಿಲ್ಲ. ನಾವು ನೋಡುವುದು ಒಂದು ಮುಖ, 74 ಚೆಕ್‌ಗಳನ್ನಲ್ಲ.

ಗಂಟು ಕಾಯುವುದು

ಚೆನ್ನಾಗಿ ಆಡುವವನೂ ದಿವಾಳಿಯಾಗಬಹುದು. ಶೇ 55ರ ಜಾಣನನ್ನೇ ಮತ್ತೆ ಕರೆಯೋಣ. ತನ್ನಲ್ಲಿರುವ ಹಣವನ್ನೆಲ್ಲ ಒಂದೇ ಬಾಜಿಗೆ ಇಟ್ಟರೆ ಶೇ 45ರ ಸಾಧ್ಯತೆಯಲ್ಲಿ ಅಂದೇ ಬರಿಗೈ. ಅದನ್ನೇ ಹತ್ತು ಪಾಲು ಮಾಡಿ ಒಂದೊಂದನ್ನೇ ಇಟ್ಟರೆ ಎಂದಾದರೂ ಪೂರ್ತಿ ಕಳೆದುಕೊಳ್ಳುವ ಸಾಧ್ಯತೆ ಶೇ 13. ಇಪ್ಪತ್ತು ಪಾಲು ಮಾಡಿದರೆ ಶೇ 2ಕ್ಕಿಂತ ಕಡಿಮೆ. ಆಟ ಅದೇ, ಜಾಣತನ ಅದೇ. ಬದಲಾದದ್ದು ಶಿಸ್ತು ಮಾತ್ರ. ಪೋಕರಿನ ಏರಿಳಿತ ಇದಕ್ಕಿಂತ ಜೋರು. ಅದಕ್ಕೇ ವೃತ್ತಿಪರರು ಒಂದು ಮೇಜಿಗೆ ಬೇಕಾದ ಹಣದ ಮೂವತ್ತು ನಲವತ್ತು ಪಟ್ಟು ಪಕ್ಕಕ್ಕಿಟ್ಟು ಆಡುತ್ತಾರೆ. ಟೂರ್ನಿ ಆಡುವವರು ನೂರು ಪಟ್ಟು.

ಟೂರ್ನಿಯಲ್ಲಿ ಸಾಮಾನ್ಯವಾಗಿ ಬಹುಮಾನ ಸಿಗುವುದು ನೂರರಲ್ಲಿ ಹದಿನೈದು ಜನಕ್ಕೆ. ಐದಕ್ಕೊಮ್ಮೆ ಬಹುಮಾನ ಪಡೆಯುವಷ್ಟು ನುರಿತವನಿಗೂ ಸಾಲಾಗಿ ಹತ್ತು ಟೂರ್ನಿ ಬರಿಗೈ ಆಗುವ ಸಾಧ್ಯತೆ ಶೇ 10ಕ್ಕಿಂತ ಹೆಚ್ಚು. ಹನ್ನೊಂದನೆಯದಕ್ಕೆ ಶುಲ್ಕ ಕಟ್ಟುವಾಗ ಅವನ ಕೈ ನಡುಗಬಾರದು, ಹಠವೂ ಇರಬಾರದು.

ಹಠಕ್ಕೆ ಪೋಕರ್ ಭಾಷೆಯಲ್ಲಿ ‘ಟಿಲ್ಟ್’ ಎನ್ನುತ್ತಾರೆ. ನಮಗೆ ಅದಕ್ಕೆ ಇಂಗ್ಲಿಷ್ ಪದ ಬೇಕಿಲ್ಲ, ಧರ್ಮರಾಯನ ಹೆಸರೇ ಸಾಕು. ಕುರ್ಲಾದ ಬಂಟರ ಭವನದಲ್ಲಿ ಯಕ್ಷಗಾನ ನೋಡಿದವರಿಗೆ, ಊರಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಆ ಕಥೆ ಗೊತ್ತು. ಶಕುನಿಯ ಕೈಚಳಕ ಒಂದು ಕಡೆಯಿರಲಿ. ಸೋತಷ್ಟೂ ಪಣ ಏರಿಸುತ್ತಾ ಹೋದದ್ದು, ಎದ್ದು ಹೋಗಲಾರದೆ ಕೂತದ್ದು, ಹೆಂಡತಿಯನ್ನೇ ಒಡ್ಡಿ ಸೋತು ಹೇಗೋ ಬಿಡುಗಡೆಯಾದ ಮೇಲೂ ಎರಡನೇ ಕರೆಗೆ ಮತ್ತೆ ಬಂದು ಕೂತದ್ದು ಅವನೇ ಮಾಡಿಕೊಂಡದ್ದು. ಧರ್ಮ ಬಲ್ಲವನಿಗೂ ಮೇಜಿನಿಂದ ಏಳುವುದು ಗೊತ್ತಿರಲಿಲ್ಲ.

ರಾಣೆಬೆನ್ನೂರಿನ ಲೆಕ್ಕ

ಈಗ ಹುಡುಗನ ಹಾಳೆಗೆ ಬರೋಣ. ಅವನು ಗೆಲ್ಲುತ್ತಿದ್ದ, ಅದರಲ್ಲಿ ಅನುಮಾನವಿಲ್ಲ. ಹದಿನಾಲ್ಕು ತಿಂಗಳಲ್ಲಿ ಒಂದು ಲಕ್ಷದಷ್ಟು ಆಟ, 840 ಗಂಟೆ, ರೇಕ್ ಕಳೆದು 2,60,000 ರೂಪಾಯಿ ಲಾಭ. ಪ್ರತಿ ದಿನದ ಆರಂಭ, ಅಂತ್ಯ, ಸೋತ ಕಾರಣ ಎಲ್ಲ ಬರೆದಿದ್ದ. ಸೋತ ದಿನಗಳನ್ನು ಮುಚ್ಚಿಟ್ಟಿರಲಿಲ್ಲ. ಎಷ್ಟೋ ಕಂಪನಿಗಳ ಪುಸ್ತಕಗಳಲ್ಲಿ ಅಷ್ಟು ಪ್ರಾಮಾಣಿಕತೆ ನಾನು ಕಂಡಿಲ್ಲ.

ಆದರೆ ಶೇ 30ರ ತೆರಿಗೆ ತೆಗೆದರೆ ಉಳಿಯುವುದು 1,82,000. ತಿಂಗಳಿಗೆ 13,000. ಗಂಟೆಗೆ 217 ರೂಪಾಯಿ. ಭವಿಷ್ಯ ನಿಧಿ ಇಲ್ಲ, ವಿಮೆ ಇಲ್ಲ. 2023ರ ಅಕ್ಟೋಬರ್ 1ರಿಂದ ಆಟಕ್ಕೆ ತುಂಬುವ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬೇರೆ ಬಂದಿತ್ತು. ಕಂಪನಿಗಳು ಬೋನಸ್ ಕೊಟ್ಟು ಅದನ್ನು ಮುಚ್ಚುತ್ತಿದ್ದವು. ಎಷ್ಟು ದಿನ ಎಂಬುದು ಅವರಿಗೇ ಗೊತ್ತು.

‘ಪೂರ್ತಿ ಹೊತ್ತು ಆಡಿದರೆ ಮೂರು ಪಟ್ಟಾಗುತ್ತದೆ’ ಎಂದ. ಅವನ ಹಾಳೆಯಲ್ಲೇ ಉತ್ತರವಿತ್ತು. ಅತ್ಯುತ್ತಮ ತಿಂಗಳಲ್ಲಿ 92,000 ಬಂದಿತ್ತು, ಕೆಟ್ಟ ತಿಂಗಳಲ್ಲಿ 71,000 ಹೋಗಿತ್ತು. ಆ ಕೆಟ್ಟ ತಿಂಗಳಲ್ಲೂ ಅವನು ಬಾಡಿಗೆ ಕಟ್ಟಿದ್ದ, ಊರಿಗೆ ಹಣ ಕಳಿಸಿದ್ದ, ರಾತ್ರಿ ನಿದ್ದೆ ಮಾಡಿದ್ದ, ಮರುದಿನ ಮತ್ತೆ ತಣ್ಣಗೆ ನೂರಕ್ಕೆ ಎಪ್ಪತ್ತೆಂಟು ಎಲೆ ಎಸೆದಿದ್ದ. ಹೇಗೆ? ಸಂಬಳ ಇತ್ತು. ಅದೇ ಸಂಬಳ ಇಲ್ಲದೆ ಅದೇ 71,000 ಹೋದರೆ ಬಾಡಿಗೆ ಆಟದ ಗಂಟಿನಿಂದ ಹೋಗುತ್ತದೆ. ಗಂಟು ಕರಗಿದಷ್ಟೂ ಹೆದರಿಕೆ, ಹೆದರಿಕೆ ಬಂದಷ್ಟೂ ಆಟ ಕೆಡುತ್ತದೆ.

ನಾನು ಅವನಿಗೆ ಹೇಳಿದ್ದು ಇಷ್ಟೇ: ಪೋಕರಿನಲ್ಲಿ ಗೆಲ್ಲುವ ಮೊದಲ ಅರ್ಹತೆ, ಇಂದು ಗೆಲ್ಲಲೇಬೇಕು ಎಂಬ ಅಗತ್ಯ ಇಲ್ಲದಿರುವುದು. ಆ ಅರ್ಹತೆ ನಿನಗೆ ಬಂದದ್ದು ಕೆಲಸದಿಂದ. ಬಿಡಬೇಕೆಂದರೆ ಎರಡು ವರ್ಷದ ಮನೆ ಖರ್ಚು ಬೇರೆ, ಆಟದ ಗಂಟು ಬೇರೆ ಕೂಡಿಟ್ಟು, ಇನ್ನೊಂದು ಲಕ್ಷ ಆಟದ ಲೆಕ್ಕ ತೆಗೆದುಕೊಂಡು ಬಾ. ಅವನು ಕೆಲಸ ಬಿಡಲಿಲ್ಲ, ಲೆಕ್ಕ ಬರೆಯುತ್ತಾ ಹೋದ.

ನಿಯಮವೇ ಬದಲಾದಾಗ

ಜಾಣತನದ ಆಟವೋ ಜೂಜೋ ಎಂಬ ವಾದದಲ್ಲಿ ಬೆಂಗಳೂರಿಗೂ ಮುಂಬೈಗೂ ಹಳೆಯ ನಂಟಿದೆ. ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆಯ ಬಹುಮಾನದ ಪದಬಂಧ ಬೊಂಬಾಯಿ ರಾಜ್ಯದಲ್ಲಿ ಜೋರಾಗಿ ಓಡುತ್ತಿತ್ತು. ಅದರ ಮೇಲೆ ಬೊಂಬಾಯಿ ಸರ್ಕಾರ ಹಾಕಿದ ತೆರಿಗೆಯ ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1957ರಲ್ಲಿ ಬಂದ ಚಮರ್‌ಬಾಗ್‌ವಾಲಾ ಪ್ರಕರಣಗಳ ತೀರ್ಪುಗಳು, ಜೂಜಿಗೆ ವ್ಯಾಪಾರದ ಹಕ್ಕಿಲ್ಲ, ಕೌಶಲವೇ ಹೆಚ್ಚಿರುವ ಸ್ಪರ್ಧೆ ಜೂಜಲ್ಲ ಎಂಬ ಗೆರೆ ಎಳೆದವು. ಕರ್ನಾಟಕ ಹೈಕೋರ್ಟ್ 2013ರಲ್ಲಿ ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದು ಜೂಜೇ ಎಂದಿತು. 2021ರಲ್ಲಿ ಕರ್ನಾಟಕ ಸರ್ಕಾರ ತಂದ ಆನ್‌ಲೈನ್ ಆಟದ ನಿಷೇಧವನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಮಾಡಿತು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆ ಗೆರೆಯನ್ನೇ ಬದಿಗಿಟ್ಟಿತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆಲ್ಲ ನಿಷೇಧ. ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿವರೆಗೆ ದಂಡ. ಆಡುವವರಿಗೆ ಶಿಕ್ಷೆ ಇಲ್ಲ. ಆಗಸ್ಟ್ 22ರಂದು ರಾಷ್ಟ್ರಪತಿಯವರ ಅಂಕಿತ ಬಿತ್ತು. ದೊಡ್ಡ ಆ್ಯಪ್‌ಗಳು ಕೂಡಲೇ ಹಣದ ಆಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ವರ್ಗವಾದವು.

ನಮ್ಮ ಹುಡುಗ ಖಾತೆಯಲ್ಲಿದ್ದುದನ್ನು ಬ್ಯಾಂಕಿಗೆ ಹಾಕಿಕೊಂಡ. ಸೋಮವಾರ ಎಂದಿನಂತೆ ಕೆಲಸಕ್ಕೆ ಹೋದ. ಕೆಲಸ ಬಿಟ್ಟಿದ್ದರೆ ಆ ಸೋಮವಾರ ಎಲ್ಲಿಗೆ ಹೋಗುತ್ತಿದ್ದ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ವರ್ಷಕ್ಕೊಮ್ಮೆ, ಮೊದಲೇ ಗೊತ್ತುಮಾಡಿದ ಮೊತ್ತ ತೆಗೆದುಕೊಂಡು ಗೋವಾದ ಕ್ಯಾಸಿನೊಗೆ ಹೋಗಿಬರುತ್ತಾನೆ. ಆ ಖರ್ಚೂ ಹಾಳೆಯಲ್ಲಿದೆ.

ಅವನ ಕೋಣೆಯಲ್ಲೇ ಇದ್ದ ಇನ್ನೊಬ್ಬನ ಕಥೆ ಬೇರೆ. ಅದೇ ಆ್ಯಪ್, ಅದೇ ಮೇಜು, ಲೆಕ್ಕ ಮಾತ್ರ ಇಲ್ಲ. ನಿಷೇಧ ಬಂದ ಮೇಲೆ ಟೆಲಿಗ್ರಾಂನಲ್ಲಿ ಸಿಕ್ಕ ಲಿಂಕ್ ಹಿಡಿದು ಯಾವುದೋ ವಿದೇಶಿ ಸೈಟಿಗೆ ಹೋದ. ಹಣ ಕಟ್ಟಬೇಕಾದದ್ದು ದಿನಕ್ಕೊಂದು ಅಪರಿಚಿತ ಯುಪಿಐ ಖಾತೆಗೆ. ಗೆದ್ದದ್ದು ಪರದೆಯ ಮೇಲೆ ಕಾಣುತ್ತಿತ್ತು, ಬ್ಯಾಂಕಿಗೆ ಬರುತ್ತಿರಲಿಲ್ಲ. ದೂರು ಕೊಡಲು ಎದುರಿಗೆ ಯಾರೂ ಇಲ್ಲ. ಸಾಲದ ಆ್ಯಪ್‌ಗಳ ಕಂತಿಗೆ ಸಂಬಳ ಮೂರನೇ ದಿನಕ್ಕೆ ಮುಗಿಯುತ್ತಿತ್ತು.

ಅವನನ್ನು ಕೂರಿಸಿಕೊಂಡು, ಎಷ್ಟು ಹೋಗಿರಬಹುದು ಎಂದು ಕೇಳಿದೆ. ‘ಐವತ್ತು ಅರವತ್ತು ಸಾವಿರ ಸರ್’ ಎಂದ. ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ಸಾಲು ಸಾಲಾಗಿ ಗುರುತು ಮಾಡಿದೆವು. ಹೋದದ್ದು 4,10,000, ಬಂದದ್ದು 1,30,000. ಅವನು ಸುಳ್ಳು ಹೇಳಿರಲಿಲ್ಲ. ಗೆದ್ದ ರಾತ್ರಿಗಳು ನೆನಪಿದ್ದವು, ಸೋತ ರಾತ್ರಿಗಳು ಅಳಿಸಿಹೋಗಿದ್ದವು. ಬಹಳ ಹೊತ್ತು ಆ ಅಂಕಿಯನ್ನೇ ನೋಡುತ್ತಾ ಕೂತ. ಈಗ ಅಣ್ಣನಿಗೆ ವಿಷಯ ಗೊತ್ತಿದೆ, ಕಂತು ಒಂದೊಂದಾಗಿ ತೀರುತ್ತಿದೆ.

ಪೋಕರಿನಲ್ಲಿ ಯಶಸ್ವಿಯಾಗಲು ಏನು ಬೇಕು ಎಂದು ಕೇಳುವ ತಮ್ಮಂದಿರಿಗೆ, ಮಕ್ಕಳಿಗೆ ನೀವು ಬುದ್ಧಿವಾದ ಹೇಳಬೇಕಿಲ್ಲ. ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಆಟದ ಲೆಕ್ಕ ಬರೆದಿಟ್ಟಿದ್ದೀಯ? ರೇಕ್, ತೆರಿಗೆ ಕಳೆದು ಗಂಟೆಗೆ ಎಷ್ಟು ಬಂತು? ಈ ಹಣ ಪೂರ್ತಿ ಹೋದರೂ ಬಾಡಿಗೆ ಮತ್ತು ಊರಿನ ಹಣ ನಿಲ್ಲುವುದಿಲ್ಲ ತಾನೆ? ಆಡುತ್ತಿರುವ ಜಾಗ ನಾಳೆಯೂ ಕಾನೂನಿನೊಳಗೆ ಇರುತ್ತದೆಯೇ? ನಾಲ್ಕಕ್ಕೂ ಉತ್ತರ ಕಾಗದದ ಮೇಲಿದ್ದರೆ ಅವನು ಆಟಗಾರ. ಬಾಯಲ್ಲಿ ಮಾತ್ರ ಇದ್ದರೆ ಅವನು ಉಳಿದವರ ಸಂಬಳ.

ನಿಲ್ಲಿಸಲು ಆಗುತ್ತಿಲ್ಲ ಎನ್ನುವವರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಮಾತಾಡುತ್ತಾರೆ, ಹಣ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗೆಂದೇ ‘ಷಟ್’ ಕ್ಲಿನಿಕ್ ಇದೆ. ಅದಕ್ಕೂ ಮೊದಲು ಒಂದು ಕೆಲಸ ಇಂದು ರಾತ್ರಿಯೇ ಮಾಡಬಹುದು. ಸ್ಟೇಟ್‌ಮೆಂಟ್ ತೆಗೆಯಿರಿ, ಹೋದದ್ದು ಒಂದು ಕಡೆ, ಬಂದದ್ದು ಇನ್ನೊಂದು ಕಡೆ ಬರೆಯಿರಿ, ಕೂಡಿಸಿ. ಕೂಡಿಸಲು ಹೆದರಿಕೆಯಾಯಿತೇ? ಹಾಗಾದರೆ ಉತ್ತರ ನಿಮಗೆ ಆಗಲೇ ಗೊತ್ತಿದೆ.